ಫೋಟೊ ಕಳಿಸಲು ಎಂಎಂಎಸ್ಸೋ ವಾಟ್ಸ್ಆ್ಯಪ್ಪೋ?

ಸ್ಮಾರ್ಟ್‌ಫೋನ್ ಇರುವವರಿಗೆ ಕಳಿಸುವುದಾದರೆ ವಾಟ್ಸ್ಆ್ಯಪ್ಪೇ ಸರಿ. ಆ ಕಡೆ ಆ್ಯಪ್ ಇಲ್ಲದಿದ್ದಾಗ ಎಂಎಂಎಸ್ (ಎಸ್ಸೆಮ್ಮೆಸ್ಸಿನಂತೆ ಮೊಬೈಲ್ ನಂಬರಿಗೇ ಚಿತ್ರ ಕಳಿಸುವ ಸೇವೆ) ನೆನಪಿಗೆ ಬರುತ್ತದೆ. ತಕರಾರೂ ಅದರದ್ದೇ ಹೆಚ್ಚು.

ಎಂಎಂಎಸ್‌ಗೆ ಸಾಮಾನ್ಯವಾಗಿ ಮೊಬೈಲ್ ಡೇಟಾ ಬೇಕು, ಬರೀ ವೈಫೈ ಸಾಲದು. ಎಸ್ಸೆಮ್ಮೆಸ್ ಹೋಗುತ್ತಿದ್ದು ಚಿತ್ರ ಮಾತ್ರ ನಿಂತರೆ ಡೇಟಾ ಆನ್ ಮಾಡಿ ಮತ್ತೆ ಕಳಿಸಿ. ಆಗಲೂ ಹೋಗದಿದ್ದರೆ ಆಂಡ್ರಾಯ್ಡ್‌ನ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಎಪಿಎನ್ (ಫೋನನ್ನು ಮೊಬೈಲ್ ಕಂಪನಿಯ ಡೇಟಾ ಜಾಲಕ್ಕೆ ಜೋಡಿಸುವ ವಿವರ) ತೆರೆದು ಎಂಎಂಎಸ್‌ಸಿ ವಿಳಾಸ ಇದೆಯೇ ನೋಡಿ. ಚಿತ್ರವನ್ನು ಒಪ್ಪಿಸಬೇಕಾದ ಸರ್ವರ್ ಅದೇ. ಅದು ಖಾಲಿಯಿದ್ದರೆ ಎಪಿಎನ್ ರೀಸೆಟ್ ಮಾಡಿ ಫೋನ್ ರೀಸ್ಟಾರ್ಟ್ ಮಾಡಿ. ಎರಡು ಸಿಮ್ ಇದ್ದರೆ ಕಳಿಸುವ ಸಿಮ್ಮಿನಲ್ಲೇ ಡೇಟಾ ಇಟ್ಟು ನೋಡಿ. ಗಾತ್ರದ ಮಿತಿ ಕಂಪನಿಗೊಂದು, ಹೆಚ್ಚಾಗಿ 300 ಕೆಬಿಯಿಂದ 1 ಎಂಬಿ ಆಸುಪಾಸು. ಹಾಗಾಗಿ 4 ಎಂಬಿ ಫೋಟೊ ಕುಗ್ಗಿ ಮಸುಕಾಗುತ್ತದೆ, ಇಲ್ಲವೇ ಹೋಗುವುದೇ ಇಲ್ಲ. ಎಂಎಂಎಸ್ ದರ ನಿಮ್ಮ ಪ್ಯಾಕ್‌ನಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ವಾಟ್ಸ್ಆ್ಯಪ್‌ಗೆ ವೈಫೈ ಸಾಕು. ಅದೂ ಫೋಟೊವನ್ನು ಕುಗ್ಗಿಸುತ್ತದೆ, ಆದರೆ ಎಚ್‌ಡಿ ಆಯ್ಕೆಯಿದೆ. ಪಹಣಿ, ಅಂಕಪಟ್ಟಿಯಂಥ ಸಣ್ಣಕ್ಷರದ ಕಾಗದವಾದರೆ ‘ಡಾಕ್ಯುಮೆಂಟ್’ ಆಗಿಯೇ ಕಳಿಸಿ. 2 ಜಿಬಿವರೆಗಿನ ಫೈಲ್ ಇದ್ದಂತೆಯೇ ತಲುಪುತ್ತದೆ. ಒಂದು ಎಚ್ಚರಿಕೆ: ಫೋಟೊ ತೆಗೆದ ಜಾಗದ ವಿವರ ಫೈಲಿನಲ್ಲಿದ್ದರೆ ಅದೂ ಜೊತೆಗೇ ಹೋಗುತ್ತದೆ. ಐಫೋನಿನ ಎಚ್‌ಇಐಸಿ ಮಾದರಿಯ ಫೋಟೊ ಫೈಲ್ ಹಳೆಯ ಆಂಡ್ರಾಯ್ಡ್‌ನಲ್ಲಿ ತೆರೆಯದೆ ಇರಬಹುದು, ಜೆಪೆಗ್‌ಗೆ ಬದಲಿಸಿ. ಬಂದ ಚಿತ್ರ ಡೌನ್‌ಲೋಡ್ ಆಗದಿದ್ದರೆ ಫೋನಿನ ಸ್ಟೋರೇಜ್ ತುಂಬಿದೆಯೇ, ತಾರೀಖು-ಸಮಯ ಸರಿಯಿದೆಯೇ ನೋಡಿ. ತಾರೀಖಿನ ಕಡೆ ಯಾರ ಗಮನವೂ ಹೋಗುವುದಿಲ್ಲ.