ಟಿಗ್ರನ್ ಹಮಾಸ್ಯಾನ್ ಅವರ ಮೂರು ಆಲ್ಬಂ: ಮೊದಲು ರಾಗ, ಆಮೇಲೆ ಲೆಕ್ಕ

ಆರ್ಮೇನಿಯಾದ ಜಾಝ್ ಪಿಯಾನೊ ವಾದಕ ಟಿಗ್ರನ್ ಹಮಾಸ್ಯಾನ್ ಅವರನ್ನು ಕೇಳತೊಡಗಿದವರು ಸಾಮಾನ್ಯವಾಗಿ ಮೊದಲು ಹಿಡಿಯುವುದು ಲಯದ ತುದಿಯನ್ನು. ಐದು, ಏಳು ಎಂದು ಒಡೆದ ನಡೆ, ಮೆಟಲ್ ಬ್ಯಾಂಡಿನ ಗಿಟಾರಿನಂತೆ ಅಪ್ಪಳಿಸುವ ಎಡಗೈ. ಬೆರಳೆಣಿಸುತ್ತ ಕೂತರೆ ಬೆರಗೇನೋ ಆಗುತ್ತದೆ, ಆದರೆ ಬೇಗ ಇಳಿದೂ ಹೋಗುತ್ತದೆ. ಈ ಸಂಗೀತದ ಬೇರು ಇರುವುದು ಆರ್ಮೇನಿಯಾದ ಒಂಟಿ ಎಳೆಯ, ಅಂದರೆ ಜೊತೆದನಿಗಳಿಲ್ಲದ, ಹಾಡಿನಲ್ಲಿ. ಆ ಎಳೆ ಕಿವಿಗೆ ಕೂತ ಮೇಲೆ ಲೆಕ್ಕಕ್ಕೂ ರುಚಿ ಬರುತ್ತದೆ. ಆದ್ದರಿಂದ ಅವರ ಮೂರು ಆಲ್ಬಂಗಳನ್ನು ಕೇಳಬೇಕಾದ ಕ್ರಮದಲ್ಲೇ ಇಲ್ಲಿ ನೋಡೋಣ.

ಹಮಾಸ್ಯಾನ್ ಹುಟ್ಟಿದ್ದು 1987ರಲ್ಲಿ, ಆರ್ಮೇನಿಯಾದ ಗ್ಯುಮ್ರಿ ಪಟ್ಟಣದಲ್ಲಿ. 2006ರಲ್ಲಿ, 19ನೇ ವಯಸ್ಸಿಗೆ, ಥೆಲೋನಿಯಸ್ ಮಂಕ್ ಹೆಸರಿನ ಅಂತರರಾಷ್ಟ್ರೀಯ ಜಾಝ್ ಪಿಯಾನೊ ಸ್ಪರ್ಧೆಯನ್ನು ಗೆದ್ದರು. ಜಾಝ್ ವ್ಯಾಕರಣದಲ್ಲಿ ಅವರ ಕೈ ಎಷ್ಟು ಪಳಗಿದೆ ಎನ್ನಲು ಇಷ್ಟು ಸಾಕು.

ಶುರು ಮಾಡಬೇಕಾದ್ದು 2011ರ 'ಎ ಫೇಬಲ್'ನಿಂದ. ಪಿಯಾನೊ ಒಂದೇ, ಅಲ್ಲಲ್ಲಿ ಅವರದೇ ದನಿ. ಇದರಲ್ಲಿರುವ 'ಕಕಾವಿಕ್' ಕೋಮಿತಾಸರ ರಚನೆ. ಹೆಸರಿನ ಅರ್ಥ ಪುಟ್ಟ ಕೌಜುಗ. ಹಳ್ಳಿಹಳ್ಳಿ ತಿರುಗಿ ಸಾವಿರಾರು ಜನಪದ ಹಾಡುಗಳನ್ನು ಬರೆದಿಟ್ಟ ಪಾದ್ರಿ ಕೋಮಿತಾಸ್ (1869–1935). ಆರ್ಮೇನಿಯನ್ನರ ಹಾಡಿನ ನೆನಪು ಇಂದಿಗೂ ಉಳಿದಿರುವುದರಲ್ಲಿ ಅವರ ಪಾಲು ದೊಡ್ಡದು. ಹಮಾಸ್ಯಾನ್ ಇಲ್ಲಿ ಎದುರಿಸುವ ತೊಡಕು ನಮ್ಮ ಹಾರ್ಮೋನಿಯಂ ವಾದಕರಿಗೂ ಗೊತ್ತಿರುವಂಥದ್ದೇ. ಆರ್ಮೇನಿಯಾದ ಗಾಯಕರಾಗಲಿ, ಏಪ್ರಿಕಾಟ್ ಮರದಿಂದ ಮಾಡಿದ ದುದುಕ್ ಎಂಬ ಊದುವಾದ್ಯವಾಗಲಿ ಸ್ವರದಿಂದ ಸ್ವರಕ್ಕೆ ಜಾರುತ್ತವೆ. ಪಿಯಾನೊದ ಮನೆಗಳ ನಡುವೆ ಜಾರಲು ಜಾಗವಿಲ್ಲ. ಅವರು ಕಂಡುಕೊಂಡ ದಾರಿ ಮೂರು ಬಗೆಯದು. ಮುಖ್ಯ ಸ್ವರಕ್ಕೆ ಮೊದಲು ಪಕ್ಕದ ಸ್ವರವನ್ನು ಅನುಸ್ವರದಂತೆ ಕ್ಷಣಮಾತ್ರ ತಾಗಿಸುವುದು. ತಂತಿವಾದ್ಯ ಮೀಟಿದ ಹಾಗೆ ಒಂದೇ ಮನೆಯನ್ನು ಬೇಗಬೇಗ ಬಾರಿಸುವುದು. ಎಲ್ಲಕ್ಕಿಂತ ಮುಖ್ಯವಾದದ್ದು, ಎಡಗೈಯಲ್ಲಿ ಶ್ರುತಿ ಹಿಡಿಯುವುದು. ದುದುಕ್ ಕಛೇರಿಯಲ್ಲಿ ಒಬ್ಬರು ಹಾಡು ನುಡಿಸಿದರೆ ಇನ್ನೊಬ್ಬರು ಉಸಿರು ಮುರಿಯದೆ ಒಂದೇ ಸ್ವರ ಹಿಡಿದು ಕೂರುತ್ತಾರೆ. ಅದಕ್ಕೆ 'ದಾಮ್' ಎನ್ನುತ್ತಾರೆ. ಪಿಯಾನೊದ ತಂತಿಯ ದನಿ ಕ್ರಮೇಣ ಸಾಯುವುದರಿಂದ ಎಡಗೈ ಅದನ್ನು ಮತ್ತೆ ಮತ್ತೆ ಎಬ್ಬಿಸಬೇಕು. ಹಾಗೆ ಎಬ್ಬಿಸುವ ಬಡಿತವೇ ಎಷ್ಟೋ ಕಡೆ ತಾಳದ ಬೀಜವಾಗಿಬಿಡುತ್ತದೆ. ಇದೇ ಆಲ್ಬಂನಲ್ಲಿರುವ 'ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್' ಎಂಬ ಡಿಸ್ನಿ ಚಿತ್ರದ ಹಾಡು ಚೆನ್ನಾಗಿಯೇ ಇದೆ, ಆದರೆ ಈ ದಾರಿಗೆ ಅದು ಬೇಕಿರಲಿಲ್ಲ.

ಎರಡನೆಯದು 'ಲೂಯ್ಸ್ ಇ ಲೂಸೋ', ಅಂದರೆ ಬೆಳಕಿನಿಂದ ಬೆಳಕು. ಮೂರರಲ್ಲಿ ಹೆಚ್ಚು ಬಾಳುವ ಕೆಲಸ ಇದು. 2014ರ ಅಕ್ಟೋಬರಿನಲ್ಲಿ ಆರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಧ್ವನಿಮುದ್ರಣ, 2015ರಲ್ಲಿ ಇಸಿಎಂ ಎಂಬ ರೆಕಾರ್ಡ್ ಸಂಸ್ಥೆಯಿಂದ ಬಿಡುಗಡೆ. ಜೊತೆಗಿರುವುದು ಯೆರೆವಾನ್ ಸ್ಟೇಟ್ ಚೇಂಬರ್ ಕಾಯರ್ ಎಂಬ ಗಾಯಕವೃಂದ. 5ನೇ ಶತಮಾನದಲ್ಲಿ ಆರ್ಮೇನಿಯನ್ ಲಿಪಿಯನ್ನು ರೂಪಿಸಿದ ಮೆಸ್ರೋಪ್ ಮಾಶ್ತೋತ್ಸ್ ಅವರ ಹೆಸರಿನಲ್ಲಿರುವ ಕೀರ್ತನೆಗಳಿಂದ ಹಿಡಿದು ಕೋಮಿತಾಸರವರೆಗಿನ ಚರ್ಚ್ ಸಂಗೀತ ಇದರಲ್ಲಿದೆ. ಮೂಲದಲ್ಲಿ ಇವು ಒಂಟಿ ಎಳೆಯ ಹಾಡುಗಳು. ಹಲವು ದನಿಗಳ ಜೋಡಣೆ ಈ ಚರ್ಚಿನೊಳಗೆ ಗಟ್ಟಿಯಾಗಿ ಕಾಲೂರಿದ್ದು 19ನೇ ಶತಮಾನದ ಕೊನೆಯಲ್ಲಿ, ಸಂಗೀತ ರಚನೆಕಾರ ಮಕಾರ್ ಯೆಕ್ಮಾಲ್ಯಾನ್ ಮತ್ತು ಕೋಮಿತಾಸರ ಕಾಲಕ್ಕೆ.

ಇಲ್ಲಿ ಮನೋಧರ್ಮದ, ಅಂದರೆ ಆಶುವಾಗಿ ನುಡಿಸುವುದರ, ಪರೀಕ್ಷೆ ಕಠಿಣ. ಕಾರಣ ಆರ್ಮೇನಿಯನ್ ರಾಗಗಳ ಕಟ್ಟು. ಅವು ಷಡ್ಜದಿಂದ ಷಡ್ಜಕ್ಕೆ ಕಟ್ಟಿದವಲ್ಲ, ನಾಲ್ಕು ಸ್ವರದ ಕೊಂಡಿಗಳ ಸರಪಳಿ. ಒಂದು ಕೊಂಡಿಯ ಕೊನೆಯ ಸ್ವರವೇ ಮುಂದಿನದರ ಮೊದಲ ಸ್ವರ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮೊದಲ ಕೊಂಡಿ ಸ ರಿ ಗ ಮ, ಎರಡನೆಯದು ಮ ಪ ದ ನಿ, ಮೂರನೆಯದು ಅದೇ ನಿಷಾದದಿಂದ ನಿ ಸ ರಿ ಗ. ಮೂರಕ್ಕೂ ಒಂದೇ ಅಳತೆ ಇಟ್ಟರೆ ನಿಷಾದ ಕೈಶಿಕಿ, ಅಂದರೆ ತಗ್ಗಿನ ನಿಷಾದ, ಆಗುತ್ತದೆ. ಕೆಳಗೆ ಅಂತರ ಗಾಂಧಾರವಿದ್ದದ್ದು ತಾರಸ್ಥಾಯಿಯಲ್ಲಿ ಅದಕ್ಕಿಂತ ತಗ್ಗಿನ ಸಾಧಾರಣ ಗಾಂಧಾರವಾಗುತ್ತದೆ. ಪ್ರತಿ ಸ್ಥಾಯಿಯಲ್ಲೂ ಅದೇ ಸ್ವರಗಳನ್ನು ನುಡಿಸುವ ಜಾಝ್ ಅಭ್ಯಾಸವನ್ನು ಇಲ್ಲಿ ಹಾಗೆಯೇ ತಂದರೆ ಮೇಲೇರಿದ ಕೂಡಲೇ ಹಾಡಿನ ಮುಖವೇ ಬದಲಾಗುತ್ತದೆ. ಹಮಾಸ್ಯಾನ್ ಬಹುಪಾಲು ಆ ತಪ್ಪು ಮಾಡುವುದಿಲ್ಲ. ಕಡಿಮೆ ಸ್ವರ, ಕಿರಿದಾದ ಹರವು, ಗಾಯಕರು ಉಸಿರು ತೆಗೆದುಕೊಳ್ಳುವಲ್ಲಿ ಒಂದು ಸಣ್ಣ ಮಾತು. ವೇದಿಕೆಯನ್ನೇ ಅಲುಗಿಸಬಲ್ಲ ಕೈಗಳು ಇಲ್ಲಿ ಸುಮ್ಮನೆ ಕಾಯುತ್ತವೆ. ಆ ಕಾಯುವಿಕೆ ಮನಸ್ಸಿಗೆ ತಟ್ಟುತ್ತದೆ.

ಕೊರತೆಯೂ ಇದೆ. ಪಿಯಾನೊದ ಶ್ರುತಿ ಹನ್ನೆರಡು ಸಮಭಾಗಗಳಲ್ಲಿ ಬಿಗಿದದ್ದು. ವೃಂದ ಅದರ ಜೊತೆ ಹಾಡುವಾಗ ಅದಕ್ಕೇ ಹೊಂದಿಕೊಳ್ಳಬೇಕಾಗುತ್ತದೆ, ಹಳೆಯ ಹಾಡುಗಾರಿಕೆಯ ಸೂಕ್ಷ್ಮ ಸ್ವರಾಂತರಗಳು ಮಟ್ಟಸವಾಗುತ್ತವೆ. ಪಿಯಾನೊ ಸುಮ್ಮನಿರುವ ಕಡೆ ವೃಂದದ ದನಿಯನ್ನು ಗಮನಿಸಿ ಕೇಳಿ. ಬರೀ ಕಂಠದಲ್ಲಿ ಸಾಂಪ್ರದಾಯಿಕವಾಗಿ ಹಾಡಿದ ಆರ್ಮೇನಿಯನ್ ಕೀರ್ತನೆಗಳ ಯಾವುದಾದರೂ ಮುದ್ರಣವನ್ನು ಪಕ್ಕಕ್ಕಿಟ್ಟರೆ ವ್ಯತ್ಯಾಸ ಇನ್ನೂ ಸ್ಪಷ್ಟ.

ಮೂರನೆಯದು 2015ರದೇ 'ಮಾಕ್ರೂಟ್', ನಾನ್‌ಸಚ್ ಸಂಸ್ಥೆಯದು. ಬೇಸ್ ಸ್ಯಾಮ್ ಮಿನಾಯಿ, ಡ್ರಮ್ಸ್ ಆರ್ಥರ್ ನಾಟೆಕ್. ಸ್ವೀಡನ್ನಿನ ಮೆಷುಗಾ ಎಂಬ ಮೆಟಲ್ ಬ್ಯಾಂಡಿನ ಬಗ್ಗೆ ಹಮಾಸ್ಯಾನ್‌ಗಿರುವ ಪ್ರೀತಿ ಇಲ್ಲಿ ನೇರವಾಗಿ ಕೇಳಿಸುತ್ತದೆ. ಈ ಬಗೆಯ ಲಯದ ಒಳಗುಟ್ಟು ನಮಗೆ ಕಷ್ಟದ್ದಲ್ಲ. ನಾಲ್ಕು ಎಣಿಕೆಯ ತಾಳ ಹಾಗೇ ಇರುತ್ತದೆ; ಅದರ ಮೇಲೆ ಬೆಸ ಸಂಖ್ಯೆಯ ಪದಗುಚ್ಛ ಉರುಳುತ್ತ ಹೋಗುತ್ತದೆ. ಉದಾಹರಣೆಗೆ, ಚತುರಶ್ರ ನಡೆಯ (ಎಂಟು ಎಣಿಕೆ, ಎಣಿಕೆಗೆ ನಾಲ್ಕು ಮಾತ್ರೆ) ಆದಿತಾಳದ ಎರಡು ಆವರ್ತಕ್ಕೆ 64 ಮಾತ್ರೆ. ಏಳರ 'ತಕಿಟ ತಕಧಿಮಿ'ಯನ್ನು ಒಂಬತ್ತು ಸಲ ಹೇಳಿದರೆ 63. ಉಳಿದ ಒಂದನ್ನು ಕೊನೆಯಲ್ಲಿ ಸೇರಿಸಿದರೆ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಿಳಿಯಬಹುದು. ಹೊಸಬರು ಎಡವುವುದು ಏಳನ್ನು ಎಣಿಸಹೊರಟಾಗ: ಎರಡನೇ ಸುತ್ತಿಗೇ ಸಮ ಕಳೆದುಹೋಗುತ್ತದೆ. ಡ್ರಮ್ಸ್‌ನಲ್ಲಿ ನಿಧಾನವಾಗಿ ಬೀಳುವ ಸ್ಥಿರ ಪೆಟ್ಟನ್ನು ಹುಡುಕಿ ಅದಕ್ಕೆ ಕೈತಾಳ ಹಾಕಿ, ಪಿಯಾನೊ ತನ್ನ ಪಾಡಿಗೆ ಉರುಳಲಿ.

ಆದರೂ ಈ ಆಲ್ಬಂನಲ್ಲಿ ನಿಲ್ಲುವುದು ಅಬ್ಬರದ ಭಾಗಗಳಿಗಿಂತ 'ಲೈಲಾಕ್'ನಂಥ ಮೃದು ರಚನೆ ಮತ್ತು 'ಕಾರ್ಸ್' ಹೆಸರಿನ ಎರಡು ರಚನೆಗಳು. ಕಾರ್ಸ್ ಪಟ್ಟಣ ಈಗ ಟರ್ಕಿಯಲ್ಲಿದೆ, ಗ್ಯುಮ್ರಿಗೆ ಹತ್ತಿರದಲ್ಲೇ. ನಡುವಿನ ಗಡಿಯನ್ನು 1993ರಲ್ಲಿ ಮುಚ್ಚಲಾಯಿತು. 'ದಿ ಗ್ರಿಡ್'ನಲ್ಲಿ ಮಾತ್ರ ಬೇಸ್ ಮತ್ತು ಪಿಯಾನೊದ ಎಡಗೈ ಒಂದರ ಮೇಲೊಂದು ಕೂತು ಕೆಳದನಿ ಕಲಸಿಹೋಗುತ್ತದೆ.

ಮೊಬೈಲಿನ ಸ್ಪೀಕರಿನಲ್ಲಿ ಇವನ್ನು ಕೇಳಿ ತೀರ್ಪು ಕೊಡಬೇಡಿ. ಪಿಯಾನೊದ ಅತಿ ಕೆಳಗಿನ ಸ್ವರ 27.5 ಹರ್ಟ್ಸ್. ಅಷ್ಟು ಪುಟ್ಟ ಸ್ಪೀಕರು 200ರ ಕೆಳಗೆ ಹೆಚ್ಚುಕಡಿಮೆ ಮೂಕ, ಅಂದರೆ ದಾಮ್ ಕೆಲಸ ಮಾಡುವ ಎಡಗೈಯ ಬಹುಭಾಗ ಕೇಳಿಸುವುದೇ ಇಲ್ಲ. ಸಾಧಾರಣ ಬೆಲೆಯದಾದರೂ ಕಿವಿ ಮುಚ್ಚುವ ಹೆಡ್‌ಫೋನ್ ಇರಲಿ. 'ಲೂಯ್ಸ್ ಇ ಲೂಸೋ'ಗೆ ಆ್ಯಪಿನಲ್ಲಿ ದನಿಯನ್ನು ಒಂದೇ ಮಟ್ಟಕ್ಕೆ ತರುವ ಆಯ್ಕೆಯನ್ನೂ ಷಫಲ್ ಅನ್ನೂ ಆಫ್ ಮಾಡಿಡಿ. ವೃಂದ ಪೂರ್ತಿ ದನಿಯಲ್ಲಿ ಹಾಡುವ ಒಂದು ಭಾಗ ಹಾಕಿ ಮೊದಲೇ ವಾಲ್ಯೂಮ್ ಗೊತ್ತುಮಾಡಿಕೊಳ್ಳಿ, ಆಮೇಲೆ ಮೊದಲಿನಿಂದ ಶುರು ಮಾಡಿ. ಪಿಸುದನಿಯ ಭಾಗಕ್ಕೆ ಹೊಂದಿಸಿ ಹಾಗೇ ಬಿಟ್ಟರೆ ವೃಂದ ಏರಿದಾಗ ಕಿವಿಗೆ ಬಡಿಯುತ್ತದೆ. ಒಂದನ್ನೇ ಕೊಳ್ಳುವುದಾದರೆ ಇದರ ಸಿಡಿಯನ್ನೇ ಕೊಳ್ಳಿ. ಉಳಿದೆರಡನ್ನು ಸ್ಟ್ರೀಮಿಂಗ್‌ನಲ್ಲಿ ಕೇಳಿದರೆ ನಷ್ಟವಿಲ್ಲ.