ಬೆಂಗಳೂರಲ್ಲಿ ಕ್ಲಾಸಿಕ್ 350: ಶೋರೂಂ ಕೊಟೇಶನ್‌ನಿಂದ ಚೈನ್ ಸ್ಪ್ರಾಕೆಟ್‌ವರೆಗೆ

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಜೆ-ಸೀರೀಸ್ ಇಂಜಿನ್, ಸ್ಪೋಕ್ ವೀಲ್ ಇರುವ ಮಾಡೆಲ್. ದಿನಾ ಆಫೀಸಿಗೆ ಓಡಿಸುವ ಗಾಡಿ. ಓಡಿಸಲು ಬಹಳ ಹಿತ, ಆ ಬಗ್ಗೆ ತಕರಾರೇ ಇಲ್ಲ. ಇಲ್ಲಿ ದುಡ್ಡಿನ ಲೆಕ್ಕ ಮಾತ್ರ.

ಎಕ್ಸ್-ಶೋರೂಂ ಬೆಲೆ (ರಾಜ್ಯದ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಬೆಲೆ) ನಂಬಿ ಬಜೆಟ್ ಹಾಕಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದು ನಿಜ, 349 ಸಿಸಿಯ ಇದಕ್ಕೂ ಅನ್ವಯ. ಆದರೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಭಾರಿ. ಒಂದು ಲಕ್ಷ ದಾಟಿದ ಬೈಕಿಗೆ ಶೇ. 18. ಗಾಡಿ ₹1,90,000 ಅಂದುಕೊಂಡರೆ ಟ್ಯಾಕ್ಸೇ ₹34,200, ಸೆಸ್ ಬೇರೆ. 125 ಸಿಸಿ ನೋಡುತ್ತಿರುವವರೂ ಗಮನಿಸಿ: ₹98,000ದ ಬೈಕಿಗೆ ಶೇ. 12ರಂತೆ ₹11,760, ₹1,02,000 ಆದರೆ ₹18,360. ಡಿಸ್ಕ್ ಬ್ರೇಕ್ ವೇರಿಯಂಟಿಗೆ ನಾಲ್ಕು ಸಾವಿರ ತಾನೇ ಜಾಸ್ತಿ ಅಂತ ಹೊರಟರೆ ಕೈಯಿಂದ ಹೋಗುವುದು ಹತ್ತು ಸಾವಿರಕ್ಕೂ ಮೇಲೆ.

ಕೊಟೇಶನ್ ಕೈಗೆ ಬಂದ ಮೇಲೆ ಒಂದೊಂದು ಸಾಲೂ ಓದಿ. ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಬೆಲೆ ಗಾಡಿಯ ಬೆಲೆಯಲ್ಲೇ ಸೇರಿರುತ್ತದೆ, ಬೇರೆಯಾಗಿ ಹಾಕಿದ್ದರೆ ಕೇಳಿ. ಹ್ಯಾಂಡ್ಲಿಂಗ್ ಚಾರ್ಜ್, ಟೆಫ್ಲಾನ್ ಕೋಟಿಂಗ್, ಆಕ್ಸೆಸರೀಸ್ ಪ್ಯಾಕ್ ಬೇಡ ಅಂತ ಬರೆಸಿ. ಇನ್ಶೂರೆನ್ಸ್ ಅಲ್ಲೇ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ. 5 ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟದ ವಿಮೆ) ಕಡ್ಡಾಯ. 150ರಿಂದ 350 ಸಿಸಿಗೆ 2022ರ ದರದಂತೆ ₹7,365, ಜಿಎಸ್‌ಟಿ ಪ್ರತ್ಯೇಕ. ಇದು ಎಲ್ಲಿ ಕೊಂಡರೂ ಒಂದೇ. ವ್ಯತ್ಯಾಸ ಬರುವುದು ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆದ ನಷ್ಟದ ವಿಮೆ) ಮತ್ತು ಆಡ್-ಆನ್ ಎಂಬ ಹೆಚ್ಚುವರಿ ಕವರ್‌ಗಳಲ್ಲಿ, ಚೌಕಾಸಿ ಅಲ್ಲಿ ಮಾಡಿ.

ಸಾಲ ತೆಗೆಯುವವರು "ಶೇ. 9 ಬಡ್ಡಿ ಸರ್" ಎಂದ ಕೂಡಲೇ ಫ್ಲಾಟಾ (ಕೊನೆವರೆಗೂ ಪೂರ್ತಿ ಸಾಲದ ಮೇಲೆ ಬಡ್ಡಿ), ರೆಡ್ಯೂಸಿಂಗಾ (ಉಳಿದ ಬಾಕಿ ಮೇಲೆ ಮಾತ್ರ ಬಡ್ಡಿ) ಕೇಳಿ. ಒಂದೂವರೆ ಲಕ್ಷಕ್ಕೆ ಮೂರು ವರ್ಷ ಫ್ಲಾಟ್ 9 ಅಂದರೆ ಬಡ್ಡಿ ₹40,500. ಬ್ಯಾಂಕಿನ ರೆಡ್ಯೂಸಿಂಗ್ ಲೆಕ್ಕದಲ್ಲಿ ಅದು ಸುಮಾರು ಶೇ. 16.

ಇನ್ನು ಓಡಿಸುವ ಖರ್ಚು. ಸಿಟಿಯಲ್ಲಿ 35ರ ಆಸುಪಾಸು ಮೈಲೇಜ್. ತಿಂಗಳಿಗೆ 800 ಕಿ.ಮೀ. ಓಡಿದರೆ, ಪೆಟ್ರೋಲ್ ಲೀಟರಿಗೆ ₹103 ಅಂತ ಹಿಡಿದು ಸುಮಾರು ₹2,350.

ಫ್ರೀ ಸರ್ವೀಸ್ ಎಂದರೆ ಲೇಬರ್ ಮಾತ್ರ ಫ್ರೀ. ಆಯಿಲ್, ಫಿಲ್ಟರ್‌ಗೆ ಬಿಲ್ ಬರುತ್ತದೆ. ಆಯಿಲ್ 15ಡಬ್ಲ್ಯೂ-50 ಗ್ರೇಡ್, ಡಬ್ಬದ ಮೇಲೆ ಜಾಸೋ ಎಂಎ2 (ಬೈಕ್ ಆಯಿಲ್‌ನ ಗುಣಮಟ್ಟದ ಗುರುತು) ಇರಲೇಬೇಕು. ಕ್ಲಚ್ ಪ್ಲೇಟುಗಳು ಇದೇ ಆಯಿಲ್‌ನಲ್ಲಿ ಮುಳುಗಿರುತ್ತವೆ, ಕಾರಿನ ಆಯಿಲ್ ಹಾಕಿದರೆ ಜಾರುತ್ತವೆ. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿಯಂಥ ಟ್ರಾಫಿಕ್ ಜಾಮಿನ ಕಡೆ ಓಡಾಡುವವರ ಕ್ಲಚ್ ಬೇಗ ಸವೆಯುವುದಕ್ಕೆ ಇನ್ನೊಂದು ಕಾರಣ ಹಾಫ್ ಕ್ಲಚ್‌ನಲ್ಲಿ (ಕ್ಲಚ್ ಲಿವರ್ ಅರ್ಧ ಹಿಡಿದೇ) ತೆವಳುವುದು. ಟ್ರಾಫಿಕ್ ನಿಂತರೆ ನ್ಯೂಟ್ರಲ್‌ಗೆ ಹಾಕಿ. ಟಾಪ್ ಗೇರಿನಲ್ಲಿ ಥ್ರಾಟಲ್ ಕೊಟ್ಟಾಗ ಇಂಜಿನ್ ಸದ್ದು ಏರಿ ಗಾಡಿ ಮಾತ್ರ ಎಳೆಯದಿದ್ದರೆ ಪ್ಲೇಟು ಮುಗಿಯುತ್ತಾ ಬಂದಿದೆ.

ಹೆಚ್ಚು ದುಡ್ಡು ಉಳಿಸುವ ಕೆಲಸ ಚೈನ್ ಆರೈಕೆ. ಧೂಳು, ಮೆಟ್ರೋ ಕಾಮಗಾರಿಯ ಮಣ್ಣು, ಸಂಜೆ ಮಳೆ ಎಲ್ಲ ಸೇರಿ ಚೈನನ್ನು ಉಜ್ಜಿ ತಿನ್ನುತ್ತವೆ. 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಸೆಂಟರ್ ಸ್ಟ್ಯಾಂಡ್ ಹಾಕಿ ಇಂಜಿನ್ ಆಫ್ ಮಾಡಿಯೇ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇಂಜಿನ್ ಆನ್ ಇಟ್ಟು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆ ಬ್ರಷ್ ಸಾಕು. ಪೆಟ್ರೋಲ್ ಬೇಡ, ಓ-ರಿಂಗ್ (ಚೈನ್ ಕೊಂಡಿಗಳ ನಡುವಿನ ರಬ್ಬರ್ ಬಳೆ) ಹಾಳಾಗುತ್ತದೆ. ಒಣಗಿಸಿ, ಒಳಮಗ್ಗುಲಿಗೆ ಲ್ಯೂಬ್ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ಬಿಟ್ಟರೆ ಅದಕ್ಕೇ ಧೂಳು ಅಂಟುತ್ತದೆ. ಹಿಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲಿನ ಚಕ್ರ) ಹಿಂಬದಿಯಲ್ಲಿ ಚೈನನ್ನು ಹಿಡಿದು ಎಳೆದು ನೋಡಿ. ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಬದಲಿಸುವ ಕಾಲ ಬಂದಿದೆ. ಚೈನ್ ಒಂದನ್ನೇ ಹಾಕಿಸಬೇಡಿ, ಸವೆದ ಹಲ್ಲು ಹೊಸ ಚೈನನ್ನೂ ತಿಂದುಬಿಡುತ್ತದೆ. ಎರಡೂ ಸ್ಪ್ರಾಕೆಟ್ ಸೇರಿ ಪೂರ್ತಿ ಕಿಟ್ ಹಾಕಿಸಿ. ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಕೊಳ್ಳುವುದಾದರೆ ಪಾರ್ಟ್ ನಂಬರ್ ಹೋಲಿಸಿ, ಜಿಎಸ್‌ಟಿ ಬಿಲ್ ಪಡೆಯಿರಿ.

ಸ್ಪೋಕ್ ವೀಲ್ ಚೆಂದ, ಒಪ್ಪಿದೆ. ಆದರೆ ಒಳಗೆ ಟ್ಯೂಬ್ ಇದೆ. ಮೊಳೆ ಚುಚ್ಚಿದರೆ 195 ಕೆ.ಜಿ. ಗಾಡಿಯನ್ನು ತಳ್ಳಬೇಕು, ಚಕ್ರ ಬಿಚ್ಚುವ ಅಂಗಡಿ ಹುಡುಕಬೇಕು. ಟ್ಯೂಬ್‌ಲೆಸ್ ಆದರೆ ನಿಂತಲ್ಲೇ ಪ್ಲಗ್ ಹಾಕಿಸಿ ಹೊರಡಬಹುದು. ರಿಂಗ್ ರೋಡ್‌ನಲ್ಲಿ ರಾತ್ರಿ ಓಡಾಡುವವರು ಟ್ಯೂಬ್‌ಲೆಸ್ ಟೈರಿನ ಅಲಾಯ್ ವೀಲ್ ಇರುವ ವೇರಿಯಂಟನ್ನೇ ಬುಕ್ ಮಾಡಿ.