ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಆಗುವ ಡಿಸ್ಕ್ ಡ್ರೈವ್ ಯಾವುದು?

ಮನೆಯಲ್ಲಿ ಮೂರು ಬಗೆಯ ಕಂಪ್ಯೂಟರ್ ಇವೆ, ಹಳೆಯ ಮದುವೆ ಡಿವಿಡಿಗಳು ಎಲ್ಲದರಲ್ಲೂ ಓಡಬೇಕು ಅಂತ ಕೇಳಿದ್ದೀರಿ. ಇರುವುದು ಮೂರು ದಾರಿ: ಸಾಧಾರಣ ಯುಎಸ್‌ಬಿ ಡಿವಿಡಿ ರೈಟರ್, ಆಪಲ್ ಸೂಪರ್‌ಡ್ರೈವ್, ಬ್ಲೂ-ರೇ ರೈಟರ್.

ಹೊಂದಾಣಿಕೆಯೇ ಮುಖ್ಯ, ಅಲ್ವಾ? ಸಾಧಾರಣ ರೈಟರ್‌ಗೆ ಮೂರರಲ್ಲೂ ಬೇರೆ ಡ್ರೈವರ್ (ಸಾಧನವನ್ನು ಕಂಪ್ಯೂಟರ್‌ಗೆ ಹೊಂದಿಸುವ ಸಾಫ್ಟ್‌ವೇರ್) ಬೇಡ. ಡಬ್ಬದ ಮೇಲೆ ಬರೀ ವಿಂಡೋಸ್ ಹೆಸರಿದ್ದರೂ ಹೆದರಬೇಡಿ, ಎಷ್ಟೋ ಸಲ ಅದು ಜೊತೆಗೆ ಕೊಡುವ ಸಾಫ್ಟ್‌ವೇರ್‌ಗೆ ಸೇರಿದ ಮಾತು. ಸೂಪರ್‌ಡ್ರೈವ್ ಮ್ಯಾಕ್‌ಗೆಂದೇ ಮಾಡಿದ್ದು. ಲಿನಕ್ಸ್‌ನಲ್ಲಿ ಒಂದು ಕಮಾಂಡ್ ಕೊಟ್ಟು ಎಬ್ಬಿಸುವ ತನಕ ಡಿಸ್ಕನ್ನೇ ಒಳಗೆ ಎಳೆದುಕೊಳ್ಳುವುದಿಲ್ಲ. ಮನೆಯಲ್ಲಿ ಬರೀ ಮ್ಯಾಕ್ ಇದ್ದು, ಯಾರದೋ ಹಳೆಯದು ಕೈಗೆ ಸಿಕ್ಕರೆ ಸರಿ.

ಬೆಲೆಯಲ್ಲಿ ಸಾಧಾರಣ ರೈಟರ್ ಅಗ್ಗ, ಬ್ಲೂ-ರೇ ತುಂಬಾ ಜಾಸ್ತಿ. ಆದರೆ ಒಂದು ಪದರದ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ, ಒಂದು ಪದರದ ಬ್ಲೂ-ರೇಯಲ್ಲಿ 25 ಜಿಬಿ. ಫೋಟೊ, ವಿಡಿಯೊ ರಾಶಿ ಇದ್ದು ಡಿಸ್ಕಿಗೇ ಹಾಕಿಡಬೇಕು ಅನ್ನುವವರಿಗೆ ಆ ದುಡ್ಡು ದಂಡವಲ್ಲ. ಬ್ಲೂ-ರೇ ಸಿನಿಮಾ ನೋಡಲು ಮಾತ್ರ ಸುಮ್ನೆ ಕೊಳ್ಳಬೇಡಿ, ಮ್ಯಾಕ್‌ನಲ್ಲಿ ಅದಕ್ಕೆ ಬೇರೆ ಪ್ಲೇಯರ್ ಸಾಫ್ಟ್‌ವೇರ್ ಬೇಕು.

ವಿಂಡೋಸ್ 10, 11ರಲ್ಲಿ ಡಿವಿಡಿ ಸಿನಿಮಾ ತಾನಾಗಿ ಓಡದಿದ್ದರೆ ಡ್ರೈವ್ ಕೆಟ್ಟಿದೆ ಅಂದುಕೊಳ್ಳಬೇಡಿ. ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ.